ಬೋಳು ಮಚ್ಚೆಯ ಮೇಲೊಂದು ಮಸೂರ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ತಲೆಯ ಮೇಲೆ ದುಂಡಗೆ ಕೂದಲುದುರಿದರೆ ‘ಹುಳ ತಿಂದೈತಿ’ ಎನ್ನುತ್ತಾರೆ. ಮೊದಲು ಬೆಳ್ಳುಳ್ಳಿ ತಿಕ್ಕುತ್ತಾರೆ, ಆಮೇಲೆ ಮೆಡಿಕಲ್ ಅಂಗಡಿಯ ಮುಲಾಮು. ನೋಡಲು ಒಂದೇ ತೆರನಾದ ಈ ಮಚ್ಚೆಯ ಹಿಂದೆ ಎರಡು ಬೇರೆ ರೋಗಗಳಿರಬಹುದು. ಅಲೋಪೇಶಿಯಾ ಏರಿಯೇಟಾದಲ್ಲಿ ದೇಹದ ರಕ್ಷಣಾ ಕಣಗಳೇ ಕೂದಲ ಬುಡದ ಮೇಲೆ ಎರಗುತ್ತವೆ. ಅದಕ್ಕೆ ಸ್ಟಿರಾಯ್ಡ್ ಮದ್ದು. ಮಕ್ಕಳಲ್ಲೇ ಹೆಚ್ಚು ಕಾಣುವ ಟಿನಿಯಾ ಕ್ಯಾಪಿಟಿಸ್ ಶಿಲೀಂಧ್ರದ ಸೋಂಕು. ಅದೇ ಸ್ಟಿರಾಯ್ಡ್ ಅಲ್ಲಿ ರೋಗವನ್ನು ಮರೆಮಾಚಿ ಬೆಳೆಸುತ್ತದೆ.

ಇವೆರಡನ್ನೂ ಬೇರ್ಪಡಿಸಲು ನೆರವಾಗುವುದು ಅಂಗೈಯಲ್ಲಿ ಹಿಡಿಯುವ ಡರ್ಮೋಸ್ಕೋಪು. ಅದು ಚರ್ಮವನ್ನು ಸುಮಾರು 10 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಧ್ರುವೀಕೃತ ಬೆಳಕು ಮೇಲ್ಮೈಯ ಹೊಳಪನ್ನು ತಡೆಯುತ್ತದೆ. ನೆತ್ತಿಯನ್ನು ಹೀಗೆ ನೋಡುವ ವಿದ್ಯೆಗೆ ಪೋಲೆಂಡಿನ ಲಿಡಿಯಾ ರುಡ್ನಿಕಾ ಮತ್ತು ಮಾಲ್ಗೊಜಾಟಾ ಓಲ್ಶೆವ್‌ಸ್ಕಾ 2006ರಲ್ಲಿ ಟ್ರೈಕೋಸ್ಕೋಪಿ ಎಂದು ಹೆಸರಿಟ್ಟರು.

ಸೋಂಕಿನಲ್ಲಿ ಶಿಲೀಂಧ್ರ ತುಂಬಿಕೊಂಡ ಕೂದಲು ಅಲ್ಪವಿರಾಮದ ಹಾಗೆ ಬಾಗಿ ಮುರಿಯುತ್ತದೆ. ಈ ಚಿಹ್ನೆ 2008ರಲ್ಲಿ ದಾಖಲಾಯಿತು. ಸುರುಳಿ ಸುತ್ತಿದ ಕೂದಲು 2011ರಲ್ಲಿ. ಅಲೋಪೇಶಿಯಾದಲ್ಲಿ ಬುಡ ಸಣಕಲಾಗಿ ತುದಿ ದಪ್ಪಗಿರುವ ‘ಆಶ್ಚರ್ಯಸೂಚಕ’ ಕೂದಲು, ಹಳದಿ ಚುಕ್ಕೆ, ಕಪ್ಪು ಚುಕ್ಕೆ ಕಾಣುತ್ತವೆ. ಕಪ್ಪು ಚುಕ್ಕೆಯನ್ನಷ್ಟೇ ನಂಬುವಂತಿಲ್ಲ, ಅದು ಎರಡರಲ್ಲೂ ಉಂಟು. ಭಾರತದಲ್ಲಿ ಈ ಸೋಂಕಿಗೆ ಸಾಮಾನ್ಯ ಕಾರಣವಾದ ಟ್ರೈಕೋಫೈಟಾನ್ ವಯಲೇಸಿಯಂ, ವೈದ್ಯರು ಬಳಸುವ ವುಡ್ಸ್ ದೀಪದಡಿ ಹೊಳೆಯುವುದಿಲ್ಲ. ಹಾಗಾಗಿ ಮಸೂರದ ಬೆಲೆ ಇಲ್ಲಿ ಇನ್ನೂ ಹೆಚ್ಚು.

ಒಂದು ತೊಡಕಿದೆ. ಮೊದಮೊದಲ ವಿವರಣೆಗಳು ಬಹುಪಾಲು ಬಿಳಿ ಚರ್ಮದವು. ಕಂದು ನೆತ್ತಿಯಲ್ಲಿ ಹಳದಿ ಚುಕ್ಕೆ ಮಂಕು. ಜೇನುಗೂಡಿನಂಥ ಜಾಲ, ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಸಹಜವೇ ಹೊರತು ರೋಗವಲ್ಲ. ಈ ಬಗೆಯ ಕೆಲಸ ನೆರೆಯಲ್ಲೇ ನಡೆದಿದೆ. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಲ್ಲಿ ಡಾ. ಬಾಲಚಂದ್ರ ಅಂಕದ ಕಂದು ಚರ್ಮದ ಡರ್ಮೋಸ್ಕೋಪಿ ಕುರಿತು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ.

ಮಸೂರದ ಕೆಲಸ ರೋಗ ಗುರುತಿಸುವಲ್ಲಿಗೆ ಮುಗಿಯದು. ಅಲೋಪೇಶಿಯಾ ಮಚ್ಚೆಗೆ 4ರಿಂದ 6 ವಾರಕ್ಕೊಮ್ಮೆ ಟ್ರಯಾಮ್ಸಿನೊಲೋನ್ ಚುಚ್ಚುವಾಗ, ಕಪ್ಪು ಚುಕ್ಕೆ ಕರಗಿ ನೆಟ್ಟಗಿನ ಎಳೆಗೂದಲು ಮೂಡಿದರೆ ಮದ್ದು ಹತ್ತಿದೆ ಎಂದರ್ಥ. ಚರ್ಮ ತೆಳ್ಳಗಾದರೆ ಸೂಜಿ ನಿಲ್ಲಿಸಬೇಕು. ಸೋಂಕಿಗೆ ಮುಲಾಮು ಸಾಲದು, ಕೂದಲಿನೊಳಗೆ ಅದು ಇಳಿಯದು. ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಮಾತ್ರೆಯನ್ನು ವಾರಗಟ್ಟಲೆ ನುಂಗಲೇಬೇಕು.

ಮೊಬೈಲಿಗೆ ಸಿಕ್ಕಿಸುವ ಡರ್ಮೋಸ್ಕೋಪು ಈಗ ದೊರೆಯುತ್ತದೆ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳು ಒಂದೊಂದನ್ನು ಇಟ್ಟುಕೊಂಡು, ಅನುಮಾನದ ಚಿತ್ರವನ್ನು ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಂಥ ಕಡೆಯ ಚರ್ಮತಜ್ಞರಿಗೆ ಕಳಿಸುವ ಏರ್ಪಾಡು ಆಗಬೇಕು. ಅಲ್ಲಿಯವರೆಗೆ, ಮಗುವಿನ ನೆತ್ತಿಯಲ್ಲಿ ಬೋಳು ಮಚ್ಚೆ ಕಂಡರೆ ಹೆಸರು ಗೊತ್ತಿಲ್ಲದ ಮುಲಾಮನ್ನು ಹಚ್ಚಬೇಡಿ.