ಗಣಿಯೂರಿನ ಸೈರನ್

ಕೋಲಾರದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ಸುಟ್ಟ ಮೋಟರುಗಳು ಬರುತ್ತಲೇ ಇರುತ್ತವೆ, ನಾವು ತಾಮ್ರ ಸುತ್ತಿ ಕಳಿಸುತ್ತಲೇ ಇರುತ್ತೇವೆ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದ ಮೇಲೆ ಇನ್ನೊಂದು ಬಗೆಯ ಗಿರಾಕಿಗಳು ಬರತೊಡಗಿದ್ದಾರೆ. ಮಾಲೂರಿನ ಗುಜರಿಯಲ್ಲಿ ಸಿಕ್ಕಿತು ಎಂದು ಒಬ್ಬ, ಮುಳಬಾಗಿಲಿನ ಕಡೆ ತೂಕದ ಲೆಕ್ಕದಲ್ಲಿ ಕೊಂಡೆ ಎಂದು ಇನ್ನೊಬ್ಬ, ಶ್ರೀನಿವಾಸಪುರದಿಂದ ಬಸ್ಸಿನಲ್ಲೇ ಗೋಣಿಚೀಲದಲ್ಲಿ ಹೊತ್ತು ತಂದ ಐಟಿಐ ಹುಡುಗ ಮತ್ತೊಬ್ಬ. ಎಲ್ಲರ ಕೈಯಲ್ಲೂ ತುಕ್ಕು ಹಿಡಿದ ಹಳೆಯ ಸೈರನ್ನು. ರಿಪೇರಿ ಮಾಡಿ ಇಟ್ಟುಕೊಳ್ಳಬೇಕೆಂಬ ಆಸೆ. ಒಳ್ಳೆಯ ಆಸೆಯೇ. ಆದರೆ ಅವರಿಗೆ ನಾನು ಸ್ಪ್ಯಾನರ್ ಕೊಡುವ ಮೊದಲು ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಕಥೆ ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ತಮಟೆ. ಡಂಗುರ ಸಾರುವವನು ಬೀದಿ ಬೀದಿ ತಿರುಗಬೇಕಿತ್ತು. ಒಂದೇ ಕೂಗಿಗೆ ಸಾವಿರಾರು ಮನೆ ಒಟ್ಟಿಗೆ ಎದ್ದು ಕೂರುವುದು ಶುರುವಾದದ್ದು ಚಿನ್ನದ ಗಣಿಯಿಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಕರೆಂಟು ಬಂತು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೇಲೆ, 1905ರಲ್ಲಿ. ಮೈಸೂರ್ ಮೈನ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ಗಣಿಗಳ ಸುತ್ತ ಕೂಲಿಗಳ ಲೈನ್ ಮನೆಗಳೆದ್ದವು. ಆ ಮನೆಗಳಲ್ಲಿ ಗೋಡೆ ಗಡಿಯಾರಕ್ಕಿಂತ ಗಣಿಯ ಸೈರನ್ನಿಗೆ ಬೆಲೆ ಜಾಸ್ತಿ. ತಮಿಳು ಮಾತಾಡುವವರು ಅದನ್ನು ಸಂಗು ಎನ್ನುತ್ತಿದ್ದರು.

ನನ್ನ ಹೆಂಡತಿಯ ತವರು ಆಂಡರ್ಸನ್‌ಪೇಟೆ. ಮಾವ ಚಾಂಪಿಯನ್ ರೀಫ್‌ನಲ್ಲಿ ಕೆಳಗಿಳಿಯುತ್ತಿದ್ದವರು. ಸೈರನ್ ಕೂಗಿದರೆ ಒಲೆ ಹಚ್ಚುವುದು, ಮತ್ತೆ ಕೂಗಿದರೆ ಮಕ್ಕಳನ್ನು ಎಬ್ಬಿಸುವುದು, ಶಿಫ್ಟ್ ಬಿಟ್ಟ ಕೂಗಿಗೆ ಬಿಸಿನೀರು ಕಾಯಿಸಿಡುವುದು, ಇದು ಅತ್ತೆಯ ದಿನಚರಿ. ಹೊತ್ತಲ್ಲದ ಹೊತ್ತಿನಲ್ಲಿ ಅದು ಕೂಗಿತೋ, ಒಲೆ ಹಾಗೇ ಬಿಟ್ಟು ಓಡುತ್ತಿದ್ದರಂತೆ. ಇಡೀ ಲೈನಿನ ಹೆಂಗಸರು ಗಣಿಗಿಳಿಯುವ ಶಾಫ್ಟಿನ ಬಾಗಿಲ ಮುಂದೆ ನಿಲ್ಲುತ್ತಿದ್ದರು. ಕೆಲಸಗಾರರನ್ನು ಹೊತ್ತ ಪಂಜರ ಮೇಲೆ ಬಂದಾಗಲೆಲ್ಲ ಮುಖ ಹುಡುಕುತ್ತಿದ್ದರು. ಅತ್ತೆ ಇದನ್ನು ಹೇಳುವಾಗ ದನಿ ಏರಿಸುತ್ತಿರಲಿಲ್ಲ, ಸೆರಗಿನ ತುದಿ ಮಾತ್ರ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಅವರ ಹೆದರಿಕೆಗೆ ಕಾರಣ ನೆಲದಡಿ ಇತ್ತು. ಚಾಂಪಿಯನ್ ರೀಫ್ ಸುಮಾರು 3,200 ಮೀಟರ್ ಆಳಕ್ಕೆ ಹೋದ ಗಣಿ, ಲೋಕದ ಅತಿ ಆಳದ ಗಣಿಗಳಲ್ಲಿ ಒಂದು. ಅಷ್ಟು ಕೆಳಗೆ ಬಂಡೆಯ ಮೇಲೆ ಬೀಳುವ ಭಾರ ಊಹೆಗೆ ನಿಲುಕದ್ದು. ಅದಿರು ತೆಗೆದು ಟೊಳ್ಳು ಮಾಡಿದಂತೆಲ್ಲ ಉಳಿದ ಬಂಡೆ ಭಾರ ತಡೆಯಲಾರದೆ ಸಿಡಿಯುತ್ತಿತ್ತು. ಇದು ರಾಕ್ ಬರ್ಸ್ಟ್. ಹಳಬರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಮೇಲೆ ಮನೆಯ ಪಾತ್ರೆ ಉರುಳುವಷ್ಟು, ಗೋಡೆ ಬಿರಿಯುವಷ್ಟು ನೆಲ ನಡುಗುತ್ತಿತ್ತು. ಮೊದಲು ನಡುಕ, ಆಮೇಲೆ ಕೂಗು. ಈ ಸಿಡಿತವನ್ನು ಅಳೆಯಲೆಂದೇ ಮುಂದೆ ಭೂಕಂಪಮಾಪಕಗಳನ್ನು ನೆಟ್ಟರು, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಶಿಫ್ಟಿನ ಕೂಗೂ ಅಲ್ಲಿಗೇ ನಿಂತಿತು.

ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಸೈರನ್ನಿನಲ್ಲಿ ಅರ್ಧ ಕಬ್ಬಿಣ, ಇನ್ನರ್ಧ ಜನ ಅದಕ್ಕೆ ಕೊಟ್ಟ ಅರ್ಥ. ಯುದ್ಧಕಾಲದ ಸೈರನ್ನು ಏರಿ ಇಳಿದು ಅಲೆಅಲೆಯಾಗಿ ಕೂಗಿದರೆ ಅಪಾಯ, ಒಂದೇ ಸಮನೆ ನೇರವಾಗಿ ಕೂಗಿದರೆ ಅಪಾಯ ಕಳೆಯಿತು. ಜನವರಿ 30ರಂದು ಹುತಾತ್ಮರ ದಿನ, ಸೈರನ್ನಿರುವ ಕಡೆ 10 ಗಂಟೆ 59 ನಿಮಿಷದಿಂದ ಒಂದು ನಿಮಿಷ ಕೂಗಿಸಿ, ಎರಡು ನಿಮಿಷ ಮೌನ ಆಚರಿಸಿ, 11 ಗಂಟೆ 2 ನಿಮಿಷಕ್ಕೆ ಮತ್ತೆ ಕೂಗಿಸಬೇಕೆಂದು ಸರ್ಕಾರದ ಸೂಚನೆಯಿದೆ. ಯಂತ್ರ ಒಂದೇ. ಕೂಗುವ ರೀತಿಯಲ್ಲಿ, ಹೊತ್ತಿನಲ್ಲಿ ಅರ್ಥವೆಲ್ಲ ಅಡಗಿದೆ.

ಈಗ ಕಬ್ಬಿಣದ ಕಡೆ ಬರೋಣ. 1819ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ಟೂರ್ ತೂತು ಕೊರೆದ ತಟ್ಟೆಯನ್ನು ಗಾಳಿಯಲ್ಲಿ ತಿರುಗಿಸಿ ಸ್ವರ ಹೊರಡಿಸಿದ. ಇಂದಿನ ಮೋಟರ್ ಸೈರನ್ನೂ ಅದೇ ತತ್ವದ್ದು. ಒಳಗೊಂದು ರೋಟರ್, ಸುತ್ತ ಕಿಟಕಿಗಳಿರುವ ಸ್ಟೇಟರ್. ರೋಟರ್ ಗಾಳಿ ಎಳೆದು ಹೊರಕ್ಕೆ ತಳ್ಳುತ್ತದೆ, ಕಿಟಕಿಗೆ ಕಿಟಕಿ ಎದುರಾದಾಗ ಗಾಳಿ ನುಗ್ಗುತ್ತದೆ, ಮುಚ್ಚಿದಾಗ ನಿಲ್ಲುತ್ತದೆ. ರೋಟರಿನಲ್ಲಿ 12 ಕಿಟಕಿ, ನಿಮಿಷಕ್ಕೆ 2,880 ಸುತ್ತು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 48 ಸುತ್ತು, 576 ಹರ್ಟ್ಜ್ ಸ್ವರ. ವೇಗ ಏರುವಾಗ ಸ್ವರವೂ ಏರುವುದು ಇದಕ್ಕೇ.

ಶ್ರೀನಿವಾಸಪುರದ ಹುಡುಗನ ಸೈರನ್ನು ಬಿಚ್ಚಿದಾಗ ಕಿಟಕಿಗಳ ತುಂಬ ಕಣಜದ ಮಣ್ಣಿನ ಗೂಡು. ಅವನು ನೇರ ಪ್ಲಗ್ಗಿಗೆ ಹಾಕಲು ಹೊರಟಿದ್ದ, ನಾನು ಬಿಡಲಿಲ್ಲ. ಮೊದಲು ಕೈಯಲ್ಲಿ ತಿರುಗಿಸಿ ನೋಡಬೇಕು. ಕರಕರ ಎಂದರೆ ಬೇರಿಂಗ್ ಹೋಗಿದೆ, ಒಂದೇ ಕಡೆ ಉಜ್ಜಿದರೆ ಶಾಫ್ಟ್ ಬಾಗಿದೆ. ರೋಟರಿಗೂ ಸ್ಟೇಟರಿಗೂ ನಡುವಿನ ಸಂದು ತೀರ ಕಿರಿದು. ಅಲ್ಲಿ ಒಂದು ಮಣ್ಣಿನ ಹೆಂಟೆ ಸಾಕು, ಅಲ್ಯೂಮಿನಿಯಂ ಸೀಳಲು. ಗೂಡನ್ನು ಬಿದಿರುಕಡ್ಡಿಯಲ್ಲಿ ಕೆದಕಿ, ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ರೋಟರನ್ನು ಬಿಸಿಲಿಗೆ ಹಿಡಿದು ಬಿರುಕು ಹುಡುಕಿದೆವು. ಬಿರುಕು ಬಿಟ್ಟ ರೋಟರನ್ನು ಯಾವ ಕಾರಣಕ್ಕೂ ಓಡಿಸಬಾರದು. ವೆಲ್ಡ್ ಮಾಡಿಸಿದರೂ ಬೇಡ. ಆ ವೇಗದಲ್ಲಿ ಸಿಡಿದ ಚೂರು ಜೀವ ತೆಗೆಯುತ್ತದೆ. ಆಮೇಲೆ ಮೆಗ್ಗರ್ ಇಟ್ಟು ಇನ್ಸುಲೇಷನ್ ನೋಡಿದೆವು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಒಣಗಿಸಬೇಕು, ಒಣಗಿಸಿದರೂ ಏರದಿದ್ದರೆ ರಿವೈಂಡಿಂಗ್. ಈ ಕೆಲಸ ಬೋರ್‌ವೆಲ್ ಮೋಟರ್ ಬಲ್ಲ ನಮ್ಮ ಜಿಲ್ಲೆಯ ಹುಡುಗರಿಗೆ ನೀರು ಕುಡಿದಷ್ಟು ಸಲೀಸು. ಸೈರನ್ ಮೋಟರುಗಳು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಓಡಲೆಂದೇ ಮಾಡಿದಂಥವು, ಗಂಟೆಗಟ್ಟಲೆ ಓಡಿಸಿದರೆ ಸುಡುತ್ತವೆ. ಹೊಸಬರು ಕೈಯಲ್ಲಿ ತಿರುಗಿಸುವ ಸೈರನ್ನಿನಿಂದ ಶುರು ಮಾಡುವುದು ವಾಸಿ. ಕಿವಿಗೆ ಇಯರ್ ಮಫ್ ಇಲ್ಲದೆ ಹತ್ತಿರ ನಿಲ್ಲಬೇಡಿ. ಹಳೆಯ ಕೆಂಪು ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು.

ಎಲ್ಲಿಂದ ತಂದಿರಿ ಎನ್ನುವುದೂ ಮುಖ್ಯ. ಮುಚ್ಚಿದ ಗಣಿಯ ಷೆಡ್ಡುಗಳು ಪಾಳುಬಿದ್ದಂತೆ ಕಂಡರೂ ಅಲ್ಲಿನ ವಸ್ತು ವಾರಸುದಾರರಿಲ್ಲದ್ದಲ್ಲ, ಕಳ್ಳತನದ ಮಾಲು ಮನೆಗೆ ತರಬೇಡಿ. ಹರಾಜಿನಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳಿ. ರಿಪೇರಿಯಾದ ಮೇಲೆ ಊರ ನಡುವೆ ಕೂಗಿಸುವುದು ಮಾತ್ರ ಬೇಡವೇ ಬೇಡ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಟಿವಿ ವಾಹಿನಿಗಳಿಗೇ, ಜಾಗೃತಿಗಲ್ಲದೆ ಕಾರ್ಯಕ್ರಮಗಳಲ್ಲಿ ಈ ಸದ್ದು ಬಳಸಬೇಡಿ ಎಂದು ಹೇಳಿತು. ಸುಮ್ಮಸುಮ್ಮನೆ ಕೇಳಿ ಅಭ್ಯಾಸವಾದರೆ ನಿಜವಾದ ಹೊತ್ತಿಗೆ ಯಾರೂ ಓಡುವುದಿಲ್ಲ ಎನ್ನುವುದೇ ಅದರ ಹಿಂದಿನ ಭಯ. ಅತ್ತೆಯನ್ನು ನೆನೆದರೆ ನನಗೂ ಅದೇ ಸರಿ ಎನಿಸುತ್ತದೆ. ಶಾಲೆಯಲ್ಲೋ ವಿಜ್ಞಾನ ಮೇಳದಲ್ಲೋ ತೋರಿಸುವಿರಾದರೆ ಪೊಲೀಸರಿಗೂ ಪುರಸಭೆಗೂ ಮೊದಲೇ ತಿಳಿಸಿ, ಅರೆ ವೇಗದಲ್ಲಿ ಕೆಲವು ಸೆಕೆಂಡು ಓಡಿಸಿ ನಿಲ್ಲಿಸಿ.

ಇನ್ನೊಂದು ಕೆಲಸ ಉಳಿದಿದೆ, ಅದಕ್ಕೆ ಮೆಗ್ಗರ್ ಬೇಡ. ಗಣಿ ಮುಚ್ಚಿದಾಗ ನಲವತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಅರವತ್ತೈದು. ಯಾವ ಕೂಗಿಗೆ ಏನರ್ಥ, ಯಾವ ಶಾಫ್ಟಿನ ಸೈರನ್ನು ಎಲ್ಲಿಯವರೆಗೆ ಕೇಳುತ್ತಿತ್ತು, ಅದನ್ನು ಕೂಗಿಸುವ ಸ್ವಿಚ್ಚು ಯಾರ ಕೈಯಲ್ಲಿತ್ತು, ಇದೆಲ್ಲ ಅವರ ತಲೆಯಲ್ಲಿದೆ. ರಾಬರ್ಟ್‌ಸನ್‌ಪೇಟೆಗೆ, ಆಂಡರ್ಸನ್‌ಪೇಟೆಗೆ, ಮಾರಿಕುಪ್ಪಂಗೆ ಹೋಗಿ. ಜಗಲಿಯ ಮೇಲೆ ಕೂತು ಕೇಳಿ, ಫೋನಿನಲ್ಲಿ ಅವರ ದನಿ ಹಿಡಿದಿಡಿ, ಸೈರನ್ನಿನ ಪಕ್ಕದಲ್ಲೇ ಆ ಮಾತನ್ನೂ ಬರೆದು ಇಡಿ. ಹೆಂಗಸರನ್ನು ತಪ್ಪದೆ ಕೇಳಿ.