ಬೀಸಿದವರಿಗೆ ಯಾರು ಕಲ್ಲು ನೆಟ್ಟರು?

ಈಜಿಪ್ಟ್ ಅಂದ್ರೆ ಪಿರಮಿಡ್ಡು, ಪಿರಮಿಡ್ಡು ಅಂದ್ರೆ ದೊರೆ. ಶಾಲೆಯ ಚರಿತ್ರೆ ಇಷ್ಟಕ್ಕೇ ಮುಗೀತು. ಕಲ್ಲು ಕಡಿದವನ ಮನೇಲಿ ಒಲೆ ಉರೀತೋ ಇಲ್ಲವೋ, ಯಾವ ಪರೀಕ್ಷೆಯಲ್ಲೂ ಕೇಳೋದಿಲ್ಲ.

ಕೇಳಿದರೆ ಉತ್ತರವಿದೆ. ದೊರೆಗಳ ಗೋರಿ ಕೊರೆದವರ ಊರು ದೇರ್ ಎಲ್ ಮದೀನಾ. ಕ್ರಿ.ಪೂ. 1250ರ ಸುಮಾರಿನ ಅಲ್ಲಿನ ಒಂದು ಕಲ್ಲುಚಕ್ಕೆಯ ಮೇಲೆ ಕೆಲಸಗಾರರ ಹಾಜರಿ ಇದೆ. ಒಬ್ಬ ಬರಲಿಲ್ಲ, ಚೇಳು ಕಡಿದಿತ್ತು. ಒಬ್ಬ ಬರಲಿಲ್ಲ, ಮನೇಲಿ ಬಿಯರ್ ಮಾಡುತ್ತಿದ್ದ. ಇನ್ನೊಬ್ಬನ ಮನೆಯ ಹೆಂಗಸು ಮುಟ್ಟಾಗಿದ್ದಳು. ಕ್ರಿ.ಪೂ. 1157ರ ಸುಮಾರಿಗೆ ಕೂಲಿಯ ಕಾಳು ಬಾರದೆ ಇದೇ ಊರಿನವರು ಕೆಲಸ ನಿಲ್ಲಿಸಿ ಹೊರಟರು. ಲೋಕದಲ್ಲಿ ದಾಖಲಾಗಿರುವ ಅತಿ ಹಳೆಯ ಮುಷ್ಕರಗಳಲ್ಲಿ ಅದೊಂದು.

ಅವರಿಗಿಂತ ಮೊದಲೇ ನಮ್ಮ ನೆಲದಲ್ಲೂ ಸಂಸಾರಗಳಿದ್ದವು. ಬರಹ ಇರಲಿಲ್ಲ ಅಷ್ಟೆ. 1947ರಲ್ಲಿ ವೀಲರ್ ಬ್ರಹ್ಮಗಿರಿಯನ್ನು ಅಗೆಸಿದರು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ತೆಕ್ಕಲಕೋಟೆಯನ್ನು ಅಗೆಸಿದರು. ಸಿಕ್ಕಿದ್ದು ಅರಮನೆಯಲ್ಲ. ದುಂಡನೆಯ ಗುಡಿಸಲ ನೆಲ, ಕಲ್ಲುಕೊಡಲಿ, ಅರೆಯುವ ಕಲ್ಲು. ಸತ್ತ ಹಸುಗೂಸನ್ನು ಮಡಕೆಯೊಳಗಿಟ್ಟು ಮನೆಗಳ ನಡುವೆಯೇ ಹೂತಿದ್ದರು. ಆ ತಾಯಿಯ ಸಂಕಟ ಓದೋದಕ್ಕೆ ಲಿಪಿ ಬೇಕಾ?

ಏನು ಉಣ್ಣುತ್ತಿದ್ದರು? ಬಳ್ಳಾರಿ ಸೀಮೆಯ ಸಂಗನಕಲ್ಲಿನಂಥ ಕಡೆ ಸುಟ್ಟು ಕರಿದಾದ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ಚಿಂತಾಮಣಿಯ ಹುರುಳಿ ಸಾರಿಗೆ ನಾಲ್ಕು ಸಾವಿರ ವರ್ಷದ ಬೇರಿದೆ. ಅದರ ಜೊತೆಗಿನ ರಾಗಿ ಆಮೇಲೆ ಆಫ್ರಿಕಾದಿಂದ ಬಂದದ್ದು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದಾಗ ದನ ಕೊಯ್ಯುತ್ತಿದ್ದ ಅಂಗಳವೇ ಸಿಕ್ಕಿತು. ದನ ಸಾಕಿದವರೂ ಅವರೇ, ತಿಂದವರೂ ಅವರೇ. ದನದ ಮಾಂಸಕ್ಕೂ ಮುಟ್ಟಬಾರದ ಜಾತಿಗೂ ಗಂಟು ಬಿದ್ದದ್ದು ಬಹಳ ತಡವಾಗಿ ಎಂದು ಅಂಬೇಡ್ಕರ್ 1948ರಲ್ಲೇ ಪುಸ್ತಕ ಬರೆದು ವಾದಿಸಿದ್ದರು. ಊಟದ ಹೆಸರಲ್ಲಿ ನಮ್ಮನ್ನು ಊರಾಚೆ ಇಟ್ಟವರು ಬೂದಿಹಾಳದ ಅಂಗಳಕ್ಕೊಮ್ಮೆ ಬರಲಿ.

ಇನ್ನು ನಮ್ಮ ಸೀಮೆ. ಅಂದಿನ ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ರೈಸ್ ಅಚ್ಚು ಹಾಕಿಸಿದರು. 2007ರಲ್ಲಿ ಹೊಸ ಜಿಲ್ಲೆಗೆ ಸೇರಿದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಅದರಲ್ಲಿವೆ. ದಾನ ಕೊಟ್ಟವರು, ದಾನ ಪಡೆದವರು, ಕಾಳಗದಲ್ಲಿ ಬಿದ್ದವರು ಪುಟ ತುಂಬಿದ್ದಾರೆ. ಅವರಿಗೆಲ್ಲ ಹಿಟ್ಟು ಬೀಸಿದವರಿಗೆ ಯಾರು ಕಲ್ಲು ನೆಟ್ಟರು?

ಮೇಷ್ಟ್ರೇ, ಒಂದು ಕೆಲಸ ಮಾಡಿ. ಊರ ಬಂಡೆಯ ಮೇಲೆ ಅರೆದು ಅರೆದು ಸವೆದ ನುಣ್ಣನೆ ಗುಳಿ ಇದೆಯಾ, ಮಕ್ಕಳನ್ನು ಕರೆದುಕೊಂಡು ಹೋಗಿ ಹುಡುಕಿ. ಸಿಕ್ಕರೆ ಅಳತೆ ತೆಗೆದು, ಊರಿನ ಹೆಸರು ಹಾಕಿ ಬರೆದಿಡಿ. ಜಲ್ಲಿ ಕ್ರಷರಿಗೆ ಗುಳಿಯೂ ಒಂದೇ, ಬಂಡೆಯೂ ಒಂದೇ. ಪುಡಿಯಾದ ಮೇಲೆ ಅಲ್ಲಿ ಯಾರೋ ಬದುಕಿದ್ದರು ಅನ್ನೋದಕ್ಕೆ ನಿಮ್ಮ ಮಕ್ಕಳ ನೋಟ್‌ಬುಕ್ಕೇ ಸಾಕ್ಷಿ.