ಮೂಸೆಯ ಬಣ್ಣ, ಅಡುಗೆಮನೆಯ ಎಚ್ಚರ

ಬೀಡು ಕಬ್ಬಿಣದ ಪಾತ್ರೆಗೆ ಇಬ್ಬರು ಶತ್ರುಗಳು: ತೇವ ಮತ್ತು ಹುಳಿ. 1707ರಲ್ಲಿ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಅಂಥ ಪಾತ್ರೆಗಳು ಅಗ್ಗವಾದವು. ತುಕ್ಕು ಮಾತ್ರ ಉಳಿಯಿತು. ನಾವು ಹಿತ್ತಾಳೆ, ತಾಮ್ರಕ್ಕೆ ಕಲಾಯಿ ಹಾಕಿಸಿದಂತೆ ಯುರೋಪಿನವರು ಕಬ್ಬಿಣಕ್ಕೆ ಗಾಜು ಹೊದಿಸಿದರು. ಗಾಜಿನ ಪುಡಿ ಲೇಪಿಸಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದು ಕರಗಿ ಲೋಹಕ್ಕೆ ಬೆಸೆದುಕೊಳ್ಳುತ್ತದೆ. ಇದೇ ಎನಾಮಲ್.

1925ರಲ್ಲಿ ಉತ್ತರ ಫ್ರಾನ್ಸಿನ ಫ್ರೆನ್ವಾ-ಲೆ-ಗ್ರಾಂ ಎಂಬಲ್ಲಿ ಬೆಲ್ಜಿಯಂನ ಇಬ್ಬರು, ಎರಕ ಬಲ್ಲ ಅರ್ಮಾಂ ದೆಸಾಗೆ ಮತ್ತು ಎನಾಮಲ್ ಬಲ್ಲ ಒಕ್ತಾವ್ ಒಬೆಕ್, ಸೇರಿ ‘ಲೆ ಕ್ರೂಸೆ’ ಆರಂಭಿಸಿದರು. ಕ್ರೂಸೆ ಎಂದರೆ ಮೂಸೆ. ಮೊದಲ ಪಾತ್ರೆಗಳ ಕಿತ್ತಳೆ ಬಣ್ಣ ಮೂಸೆಯೊಳಗಿನ ಕರಗಿದ ಕಬ್ಬಿಣದ್ದು. 1957ರಲ್ಲಿ ಕಂಪನಿ ‘ಕೂಸಾನ್ಸ್’ ಎಂಬ ಹಳೆಯ ಎರಕದಮನೆಯನ್ನು ಕೊಂಡಿತು. ಆ ಹೆಸರು ಪಾತ್ರೆಗಳ ಮೇಲೆ ನಂತರವೂ ಮುಂದುವರಿಯಿತು. ಹಾಗಾಗಿ ಹೆಸರೊಂದರಿಂದಲೇ ಕಾಲ ನಿರ್ಧರಿಸಲಾಗದು. ತಳ ತಿರುಗಿಸಿ ನೋಡಿ: ‘24’ ಎಂದಿದ್ದರೆ ಅದು ಇಸವಿಯಲ್ಲ, ಸೆಂಟಿಮೀಟರ್‌ಗಳಲ್ಲಿ ವ್ಯಾಸ. ಹಿಡಿಯ ಆಕಾರ, ಮುಚ್ಚಳದ ಗುಬುಟು, ಬಣ್ಣ, ದೇಶದ ಹೆಸರು ಎಲ್ಲವನ್ನೂ ಕೂಡಿಸಿ ಓದಬೇಕು.

ಸಂಗ್ರಾಹಕರು ಮೆಚ್ಚುವ ಬಣ್ಣವೇ ಎಚ್ಚರಕ್ಕೂ ಕಾರಣ. ಹಳೆಯ ಕೆಂಪು, ಕಿತ್ತಳೆ, ಹಳದಿಗಳಿಗೆ ಕ್ಯಾಡ್ಮಿಯಂ ಬಳಸುತ್ತಿದ್ದರು. ಗಾಜು ಬೇಗ ಕರಗಲೆಂದು ಸೀಸವನ್ನೂ ಬೆರೆಸುವುದಿತ್ತು. ಹುಳಿ ಪದಾರ್ಥ ಇವನ್ನು ಹೊರಸೆಳೆಯಬಲ್ಲದು. ಮನೆಯಲ್ಲಿ ಸೀಸ ಪರೀಕ್ಷಿಸುವ ಕಡ್ಡಿಗಳು ಕ್ಯಾಡ್ಮಿಯಂ ತೋರಿಸುವುದಿಲ್ಲ. ಒಳಗೆ ಚಕ್ಕೆ ಎದ್ದಿದ್ದರೆ ಅಡುಗೆ ನಿಲ್ಲಿಸುವುದೇ ಸರಿ: ಗಾಜಿನ ಚೂರು ಊಟಕ್ಕೆ ಬೀಳಬಹುದು.

ಒಳಮೈ ಗಟ್ಟಿಯಿದ್ದರೆ ತೊಳೆಯುವುದು ಸುಲಭ. ನೀರಿಗೆ ಒಂದೆರಡು ಚಮಚ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಆರಲು ಬಿಟ್ಟು, ಮರದ ಸೌಟಿನಿಂದ ಕರಕಲು ಬಿಡಿಸಿ. ಹೊರಗಿನ ಜಿಡ್ಡಿಗೆ ಸೋಡಾ ಕಲಸಿ ಹಚ್ಚಿ ಮೆತ್ತಗೆ ಉಜ್ಜಿದರೆ ಸಾಕು. ಬರೀ ಕಬ್ಬಿಣದ ಬಾಣಲೆಯ ಜಿಡ್ಡು ತೆಗೆಯುವ ಕಾಸ್ಟಿಕ್ ಸೋಡಾ ಇಲ್ಲಿ ಬೇಡ. ಅದು ಗಾಜಿನ ಹೊಳಪನ್ನೇ ತಿನ್ನುತ್ತದೆ. ಸ್ಟೀಲ್ ನಾರು ಗೀರು ಬೀಳಿಸುತ್ತದೆ. ಬಿಸಿ ಪಾತ್ರೆಗೆ ತಣ್ಣೀರು ಸುರಿದರೆ ಗಾಜು, ಕಬ್ಬಿಣ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿ ಹೊದಿಕೆ ಬಿರುಕುಬಿಡುತ್ತದೆ. ಅಂಚಿನ ಬರೀ ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಿ.

ಕಲಾಯಿ ಸವೆದರೆ ಕಲಾಯಿಗಾರ ಬರುತ್ತಿದ್ದ. ಪಾತ್ರೆಗೆ ಮತ್ತೆ ಹರೆಯ ಬರುತ್ತಿತ್ತು. ಎನಾಮಲ್‌ಗೆ ಮನೆಬಾಗಿಲಿಗೆ ಬರುವ ಅಂಥ ದುರಸ್ತಿಗಾರನಿಲ್ಲ. ಒಮ್ಮೆ ಸುಟ್ಟ ಹೊದಿಕೆಯೇ ಅದರ ಆಯುಷ್ಯ. ಅದು ಒಡೆದ ಪಾತ್ರೆಯನ್ನು ಒಲೆಯಿಂದ ಇಳಿಸಿ ಕಪಾಟಿನಲ್ಲಿಟ್ಟರೂ ಅದರ ಇತಿಹಾಸವೇನೂ ಕಳೆದುಹೋಗುವುದಿಲ್ಲ.